ಬಲಗಾಲಿನ ಭಾರ

ಅಣ್ಣ ಬೇಗ ಬಂದರೆ ಸಾಕು, ಬಂದವನು ಬೇಗ ಹೋದರೆ ಇನ್ನೂ ಒಳ್ಳೆಯದು ಎಂದು ಅಮರಪ್ಪನಿಗೆ ಬೆಳಗಿನಿಂದ ಅನಿಸುತ್ತಿತ್ತು. ಹಾಗೆ ಅನಿಸುತ್ತಿರುವುದಕ್ಕೆ ನಾಚಿಕೆಯೂ ಆಗುತ್ತಿತ್ತು. ಆದರೆ ನಾಚಿಕೆಪಟ್ಟುಕೊಳ್ಳಲಿಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು, ಇವತ್ತು ಅದಿರಲಿಲ್ಲ. ಹಿತ್ತಲ ಬಚ್ಚಲಲ್ಲಿ ತಾಮ್ರದ ಕೊಪ್ಪರಿಗೆಗೆ ನೀರು ತುಂಬಿ, ತಾನು ಮಾಡಿದ ಕಟ್ಟಿಗೆಯ ವಿಮಾನವನ್ನು ಆ ನೀರಿನ ಮೇಲೆ ಇಟ್ಟು, ಎದುರಿಗೆ ಕುಕ್ಕರಗಾಲಲ್ಲಿ ಕೂತಿದ್ದ. ಇದು ನಾಲ್ಕನೆಯ ಸಲ. ಇಟ್ಟ ಕೂಡಲೇ ಒಂದು ಗಳಿಗೆ ನೆಟ್ಟಗೆ ನಿಂತಂತೆ ಮಾಡಿ, ಆಮೇಲೆ ಆ ಕಡೆಯಿಂದ ಯಾರೋ ಕರೆದ ಹಾಗೆ ಬಲಕ್ಕೆ ವಾಲಿಕೊಳ್ಳುತ್ತಿತ್ತು. ಬಲಗಡೆಯ ರೆಕ್ಕೆಯ ತುದಿ ನೀರಿಗೆ ತಾಗಿ ನೀಲಿ ಬಣ್ಣದ ಮೇಲೆ ಒಂದು ಹನಿ ಏರಿ ಕೂರುತ್ತಿತ್ತು. ಬೆರಳಿನಿಂದ ಎತ್ತಿ ನಿಲ್ಲಿಸಿದರೆ ನಿಲ್ಲುವುದು, ಬೆರಳು ತೆಗೆದರೆ ವಾಲುವುದು. ಎರಡು ವರ್ಷ ಕಣ್ಣು ಸವೆಸಿ ಮಾಡಿದ್ದು ಕೊನೆಗೆ ಕುಡಿದವನ ಹಾಗೆ ನಿಲ್ಲುತ್ತದೆಯಲ್ಲ ಎಂದುಕೊಂಡ. ಹಿಂದಿನಿಂದ ಹೆಂಡತಿ ಸಾಯಬಮ್ಮ, "ಭಾವನಾರು ಬಂದ್ರ ಕಚೇರಿಂದ ಹಂಗಾ ಕಳಸಬ್ಯಾಡ್ರಿ. ಮನಿಗೆ ಕರಕೊಂಡ್ ಬರ್ರಿ. ಪುಂಡಿಪಲ್ಯ ಮಾಡೀನಿ, ಅವರಿಗೆ ಸೇರತಾದ," ಎಂದಳು. "ನೋಡೋಣ," ಅಂದ. "ಅದರಾಗ ನೋಡೂದೇನದರಿ, ಒಡಹುಟ್ಟಿದವರು," ಎಂದು ಅವಳು ಒಳಗೆ ಹೋದಳು. ಅವನು ವಿಮಾನವನ್ನು ಎತ್ತಿ, ಹಳೆಯ ಧೋತರದ ತುಂಡಿನಿಂದ ಒರೆಸಿ, ಪೆಟ್ಟಿಗೆಯಲ್ಲಿ ಹತ್ತಿಯ ನಡುವೆ ಮಲಗಿಸಿದ.

ರೆಕ್ಕೆಯ ತುದಿಯಿಂದ ತುದಿಗೆ ಮೂವತ್ತು ಇಂಚು. ಅಸಲಿನದಕ್ಕೆ ಮೂವತ್ತು ಅಡಿ. ಕೆಲವು ವರ್ಷಗಳ ಹಿಂದೆ ವಿಲಾಯತಿನಲ್ಲಿ ಸಮುದ್ರದ ಮೇಲೆ ವಿಮಾನಗಳ ಪಂದ್ಯ ಕಟ್ಟಿದ್ದರಂತೆ, ಆ ಪಂದ್ಯದಲ್ಲಿ ಹಾರಿದ್ದು ಇದು. ನೆಲಕ್ಕಿಳಿಯಲು ಇದಕ್ಕೆ ಗಾಲಿಗಳಿಲ್ಲ. ಗಾಲಿಯ ಜಾಗದಲ್ಲಿ ಕಾಲುಗಳ ಹಾಗೆ ಎರಡು ಉದ್ದನೆಯ ದೋಣಿಗಳು, ನೀರಿನಿಂದಲೇ ಎದ್ದು ನೀರಿಗೇ ಇಳಿಯುವುದಕ್ಕೆ. ಮೈಯನ್ನು ಬೂರುಗದ ಕಟ್ಟಿಗೆಯಲ್ಲಿ ಕಡೆದಿದ್ದ, ಗಾಜಿನ ಚೂರಿನಿಂದ ಕೆರೆದು ಕೆರೆದು ನುಣುಪು ಮಾಡಿದ್ದ. ರೆಕ್ಕೆಗಳು ಚಹಾ ಪೆಟ್ಟಿಗೆಯ ಹಲಗೆಯವು. ರೆಕ್ಕೆ ಮತ್ತು ದೋಣಿಗಳ ನಡುವೆ ಬಿಗಿದ ತಂತಿ, ಮುರಿದ ಏಕತಾರಿಯೊಂದರದು. ಹಾರಿಸುವವನು ಕೂರುವ ಗುಳಿಯ ಮುಂದೆ ಉಗುರಿನಷ್ಟು ಅಭ್ರಕ. ಬಣ್ಣಕ್ಕೆಂದು ಸುರಪುರದ ಚಿತ್ರಗಾರರ ಓಣಿಗೆ ಎರಡು ಸಲ ಹೋಗಿ, ದೇವರ ಪಟಗಳಿಗೆ ಹಚ್ಚುವ ನೀಲಿಯನ್ನೂ ಅಳಿಲಿನ ಬಾಲದ ಕುಂಚವನ್ನೂ ಕಾಡಿ ಬೇಡಿ ತಂದಿದ್ದ. ಇದು ಕೃಷ್ಣನ ನೀಲಿ, ಯಾವ ದೇವರಿಗೆ ಹಚ್ಚುತ್ತೀ ಎಂದು ಅಲ್ಲಿಯ ಮುದುಕ ಕೇಳಿದಾಗ ಹೇಳಲಿಕ್ಕಾಗದೆ ತಲೆ ತಗ್ಗಿಸಿ ನಿಂತಿದ್ದ. ಮೂವತ್ತನಾಲ್ಕು ವರ್ಷದ ಗಂಡಸು, ಗೊಂಬೆಗೆ ಎಂದು ಹೇಗೆ ಹೇಳುವುದು? ಆದರೆ ಅವನ ಪಾಲಿಗೆ ಅದು ಗೊಂಬೆಯಾಗಿರಲಿಲ್ಲ. ಹನ್ನೊಂದು ವರ್ಷದಿಂದ ತಾಮೀರಾತ, ಅಂದರೆ ಲೋಕೋಪಯೋಗಿ, ಇಲಾಖೆಯ ಯಾದಗಿರಿ ಕಚೇರಿಯಲ್ಲಿ ಕೂತು ಇನ್ನೊಬ್ಬರು ಬರೆದ ಕೆರೆ, ಕಾಲುವೆ, ಸೇತುವೆಗಳ ನಕ್ಷೆಗಳ ಮೇಲೆ ಎಣ್ಣೆಕಾಗದ ಹಾಸಿ ಗೆರೆಗೆ ಗೆರೆ ಎಳೆದವನಿಗೆ, ಕಾಗದದಿಂದ ಎದ್ದು ಬಂದು ಕೈಗೆ ಭಾರವಾಗಿ ಕೂತದ್ದು ಇದೊಂದೇ.

ಆ ಚಿತ್ರ ಸಿಕ್ಕಿದ್ದೂ ಅಣ್ಣ ಅಯ್ಯಣ್ಣನಿಂದಲೇ. ಭೀಮೆಯನ್ನು ದಾಟುವ ಗಟ್ಟದಲ್ಲಿ ಹರಗೋಲು ಹಾಕುವ ಅವನು ಡಾಕ್ ಬಂಗಲೆಗೆ ಮೀನನ್ನೂ ಕೊಡುತ್ತಿದ್ದ. ಯಾರೋ ದೊರೆ ಬಿಟ್ಟುಹೋದ ಸಚಿತ್ರ ಪತ್ರಿಕೆಯನ್ನು ಅಲ್ಲಿಯ ಅಡಿಗೆಯವನು ಬುಟ್ಟಿಯ ತಳಕ್ಕೆ ಹಾಸಿ ಹಿಂತಿರುಗಿಸಿದ್ದ. "ಲೇ ತಮ್ಮಾ, ಇದರಾಗ ಒಂದು ನಕಾಶಿ ಅದ ನೋಡು, ನೀ ಬರೀತೀಯಲ್ಲ ಅಂಥಾದು," ಎಂದು ಅಯ್ಯಣ್ಣ ಅದನ್ನು ಬಿಸಿಲಿಗೆ ಒಣಗಿಸಿ ಮಡಚಿ ತಂದುಕೊಟ್ಟ. ಮುಂದಿನಿಂದ ನೋಡಿದ್ದು, ಮಗ್ಗುಲಿನಿಂದ ನೋಡಿದ್ದು, ಮೇಲಿನಿಂದ ನೋಡಿದ್ದು, ಒಳಗಿನ ಎಲುಬುಗಳು ಎಲ್ಲ ಆ ಪುಟದಲ್ಲಿದ್ದವು. ಇವತ್ತಿಗೂ ಅದನ್ನು ಬಿಚ್ಚಿದರೆ ಮೀನಿನ ವಾಸನೆ. ಕಚೇರಿಯಲ್ಲಿ ಮೇಜಿನ ಮೇಲೆ ಬಿಚ್ಚಲು ಅವನಿಗೆ ಎಂದೂ ಧೈರ್ಯ ಬಂದಿರಲಿಲ್ಲ.

ಮೂರು ವರ್ಷದ ಹಿಂದೆ, ವನದುರ್ಗದ ಕೆರೆಯ ನಕ್ಷೆಯನ್ನು ಇಳಿಸುವಾಗ, ಮೂಲದ ಕಾಗದಕ್ಕೆ ಅಂಟಿ ಸತ್ತಿದ್ದ ಒಂದು ಸೊಳ್ಳೆಯನ್ನು ಅವನು ಬಾವಿ ಎಂದು ತಿಳಿದು ಸುತ್ತಲೂ ದುಂಡಗೆ ಗೆರೆ ಕೊಟ್ಟಿದ್ದ. ಓವರಸೀಯರ್ ನಸೀರುದ್ದೀನ ಸಾಹೇಬರು ಆ ನಕ್ಷೆ ಹಿಡಿದು ಬಿಸಿಲಲ್ಲಿ ಅರ್ಧ ದಿನ ಬಾವಿ ಹುಡುಕಿದರು. ಊರವರನ್ನು ಕೇಳಿದರು, ಊರವರು ಹುಡುಕಿದರು. ಆವತ್ತಿನಿಂದ ಕಚೇರಿಗೆಲ್ಲ ಅವನು ಮಚ್ಛರ್ ಬಾವಡಿ, ಸೊಳ್ಳೆಬಾವಿ. ಸಾಹೇಬರು ಕೆಟ್ಟವರಲ್ಲ, ಕರೆದು ನಕ್ಕು ತಮ್ಮ ಡಬ್ಬಿಯಿಂದಲೇ ಎಲೆ ಕೊಡುವವರು. ಆದರೆ ನಗೆಯೂ ದಿನಾ ತಿಂದರೆ ಹೊಟ್ಟೆಗೆ ಭಾರವೇ. ಇವತ್ತು ಪೆಟ್ಟಿಗೆ ಹೊತ್ತು ಅವನು ಕಚೇರಿಯ ಮೆಟ್ಟಿಲು ಹತ್ತುತ್ತಿರುವಾಗಲೂ ಅವರು ಅದೇ ಹೆಸರಿನಿಂದ ಬರಮಾಡಿಕೊಂಡರು.

"ಬಾರಪ್ಪಾ ಮಚ್ಛರ್ ಬಾವಡಿ. ಹವಾಯಿ ಜಹಾಜ್ ತಯಾರ್ ಆಯ್ತೇನು?"

"ಆಗ್ಯಾದ್ರಿ ಸಾಬ್. ಒಂದೀಟು ಬಲಕ್ಕ ವಾಲತಾದ್ರಿ."

"ಅದು ವಾಲಿದ್ರ ನಿನ್ನ ನೌಕರಿನೂ ವಾಲತಾದ ನೋಡು. ನೀರಿನ ಮ್ಯಾಲೆ ನಿಲ್ಲತಾದ ಅಂತ ನಾ ಮೊಹತಮೀಮ್ ಸಾಹೇಬ್ರಿಗೆ ಹೇಳಿಬಿಟ್ಟೀನಿ. ಕಾಯಂ ಮಾಡೂದು ಒಂದಾ ಜಾಗಾ ಅದ. ನಿನ್ನ ಫಾರಮ್ಮೂ ಇವತ್ತಾ ಅವರ ಮುಂದ ಇಡಾಂವ ಇದೀನಿ. ಎಲ್ಲಾ ಬರಾಬರಿ ಬರದೀದಿ ಹೌದಲ್ಲೋ?"

"ಬರಾಬರಿ ಅದರಿ."

"ಸುಳ್ಳ ಸಿಕ್ರ ಹೆಸರಾ ಹೊಡದು ಹಾಕತಾರ. ಶಹಾಪುರದಾಗ ಒಬ್ಬಾಂವ ವಯಸ್ಸು ಸುಳ್ಳ ಬರದಿದ್ದ, ಮರುದಿನಾ ಮನಿಗೆ ಕಳಸಿದ್ರು."

ಫಾರಮಿನಲ್ಲಿ ತಂದೆಯ ಪೇಶಾ, ಅಂದರೆ ಕಸುಬು, ಎಂಬ ಖಾನೆಯಲ್ಲಿ ಅಮರಪ್ಪ ಜರಾಅತ್ ಎಂದು ಬರೆದಿದ್ದ. ಒಕ್ಕಲುತನ. ವಡಗೇರಾ ಕಡೆ ಹೊಲ ಇದೆಯೆಂದು ಯಾರೋ ಕೇಳಿದಾಗ ಹೇಳಿದ್ದು, ಹೇಳಿ ಹೇಳಿ ಅದಕ್ಕೆ ಬದುವೂ ಬಂದಿತ್ತು, ಬದುವಿನ ಮೇಲೆ ಎರಡು ಬೇವಿನ ಮರಗಳೂ ಬಂದಿದ್ದವು. ಹಾಗೆ ಬರೆಯಬೇಕೆಂದು ಯಾವ ಕಾಯಿದೆಯೂ ಇರಲಿಲ್ಲ. ಅವನು ಮೊದಲ ಸಲ ಕಚೇರಿಗೆ ಉಮೇದವಾರನಾಗಿ ಬಂದಾಗ, ಈಗ ತೀರಿಹೋಗಿರುವ ಒಬ್ಬ ಮುನ್ಶಿ, ಅವನು ಯಾರೆಂದು ತಿಳಿಯದೆ, ಹೊಳೆಯ ಮಂದಿ ಕಾಗದ ಮುಟ್ಟಿದರೆ ಕಾಗದ ಒದ್ದೆಯಾಗುತ್ತದೆ ಎಂದು ಬೇರೆ ಯಾರಿಗೋ ಹೇಳಿ ನಕ್ಕಿದ್ದ. ಅಷ್ಟೇ ಆದದ್ದು. ಅಮರಪ್ಪನೂ ಜೊತೆಗೆ ನಕ್ಕಿದ್ದ. ಆ ನಗುವಿನ ಸಾಲವನ್ನು ತೀರಿಸುವುದಕ್ಕೋ ಏನೋ ಎಂಬಂತೆ ಹರಗೋಲು ಹಾಕುತ್ತಿದ್ದ ಅಪ್ಪನನ್ನು ನೀರಿನಿಂದ ಎತ್ತಿ ಹೊಲದಲ್ಲಿ ನಿಲ್ಲಿಸಿದ. ಅಪ್ಪ ಬದುಕಿರಲಿಲ್ಲ, ಹಾಗಾಗಿ ಸುಲಭವಾಯಿತು. ಅಣ್ಣ ಬದುಕಿದ್ದ. ಅದೇ ಈಗ ತೊಡಕು.

ಕಚೇರಿಯ ಅಂಗಳದಲ್ಲಿ ಜುಬಿಲಿ ವರ್ಷದ ನುಮಾಯಿಶಿಗೆಂದು, ವಸ್ತುಪ್ರದರ್ಶನಕ್ಕೆಂದು, ಹಂದರ ಹಾಕಿದ್ದರು. ಶಿರವಾಳದ ಗುಡಿಗಳ ಫೋಟೋಗಳು, ಕಾಲುವೆಯ ಮಣ್ಣಿನ ಮಾದರಿ, ಕೌದಿಗಳು, ಬೆಲ್ಲದಚ್ಚುಗಳು. ಹಂದರದ ಆಚೆ ಕಲ್ಲಿನ ಹೌಜು. ಮೊಣಕಾಲಿಗಿಂತ ಒಂದು ಗೇಣು ಮೇಲೆ ನೀರು. ಅದರ ಕಟ್ಟೆಯ ಮೇಲೆ ಅಮರಪ್ಪ ಪೆಟ್ಟಿಗೆ ಇಳಿಸಿ, ತಾನೇ ಬರೆದ ಚೀಟಿಯನ್ನು ಒರಗಿಸಿಟ್ಟ. ದುಂಡಗಿನ ಉರ್ದು ಅಕ್ಷರಗಳಲ್ಲಿ: ಅಮರಪ್ಪ, ನಕ್ಷಾನವೀಸ, ಹಂಗಾಮಿ. ಆ ಕೊನೆಯ ಶಬ್ದವನ್ನು ಹನ್ನೊಂದು ವರ್ಷದಿಂದ ಬರೆಯುತ್ತ ಬಂದು ಅದು ತನ್ನ ಅಡ್ಡಹೆಸರೇ ಆಗಿದೆಯೇನೋ ಅನಿಸುತ್ತಿತ್ತು. ಇಲಾಖೆಯ ಮೇಲಧಿಕಾರಿ ಮೊಹತಮೀಮ್ ಸಾಹೇಬರು ಹನ್ನೆರಡರ ಗಾಡಿಗೆ ಬರುವವರು. ಈಗ ಒಂಬತ್ತೂವರೆ. ಅಣ್ಣನಿಗೆ ನಿನ್ನೆಯೇ ಹೇಳಿ ಕಳಿಸಿಯಾಗಿತ್ತು. ಬಂದು, ಸರಿಮಾಡಿ, ಹಿಂದಿನ ಬಾಗಿಲಿನಿಂದ ಹೋಗಲು ಬೇಕಾದಷ್ಟು ಹೊತ್ತಿದೆ ಎಂದು ಅಮರಪ್ಪ ಲೆಕ್ಕ ಹಾಕಿದ.

ಅಯ್ಯಣ್ಣ ಬಂದದ್ದು ಹತ್ತು ಹೊಡೆದ ಮೇಲೆ, ಮುಂದಿನ ಬಾಗಿಲಿನಿಂದಲೇ. ಮೊಣಕಾಲಿನ ಮೇಲಕ್ಕೆ ಕಟ್ಟಿದ ಧೋತರ, ಹೆಗಲಿಗೆ ಒದ್ದೆ ವಲ್ಲಿ, ಮೈಗೆ ಡಾಂಬರಿನ ಮತ್ತು ತೊಗಲಿನ ವಾಸನೆ. ಸೊಂಟದ ಸಂಚಿಯಲ್ಲಿ ಬಲೆಯ ಸೀಸದ ಗುಂಡುಗಳು ಟಕಟಕ ಎನ್ನುತ್ತಿದ್ದವು. "ವಡಗೇರಾದಿಂದ ಒಂದು ಮದುವಿ ಮಂದಿ ಬಂದಿದ್ರೋ, ಮೂರು ಖೇಪು ಆಯ್ತು. ಎಲ್ಲದ ನಮ್ಮ ಹಡಗ?" ಎಂದು ಅಂಗಳವೆಲ್ಲ ಕೇಳುವ ಹಾಗೆ ಕೇಳಿದ. ವಿಮಾನಕ್ಕೆ ಅವನು ಎಂದೂ ವಿಮಾನ ಅಂದವನಲ್ಲ. ಸಾಹೇಬರ ಮಂದಿ ಹವಾಯಿ ಜಹಾಜ್ ಅಂತಾರಲ್ಲ, ಜಹಾಜ್ ಅಂದ್ರ ಹಡಗು, ಹಡಗು ಅಂದಮ್ಯಾಲ ಅದು ನಮ್ಮ ಮನಿದು ಎಂಬುದು ಅವನ ವಾದ. ಬಾಗಿಲಲ್ಲಿ ಇಬ್ಬರು ಜವಾನರು ನಿಂತಿದ್ದರು. "ಇಲ್ಲಿ ಬಾ," ಎಂದ ಅಮರಪ್ಪ. ಅಣ್ಣಾ ಎನ್ನುವ ಶಬ್ದ ನಾಲಿಗೆಯ ತುದಿಗೆ ಬಂದು ಹಾಗೆಯೇ ಒಳಗೆ ಹೋಯಿತು.

ಅಯ್ಯಣ್ಣ ಹೌಜಿಗೆ ಇಳಿದ. ಇಳಿಯುವಾಗ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಕಚೇರಿಯ ನೀರಾದರೂ ಸರಿ, ಅವನು ಯಾವ ನೀರಿಗೂ ಹಾಗೆ ಮಾಡದೆ ಕಾಲಿಡುವವನಲ್ಲ. ವಿಮಾನವನ್ನು ಎರಡು ಅಂಗೈಗಳ ಮೇಲೆ ಇಟ್ಟುಕೊಂಡು ಮೆಲ್ಲನೆ ಇಳಿಬಿಟ್ಟ. ಅದು ನಿಂತಿತು, ಯೋಚಿಸಿತು, ವಾಲಿತು. ಅಯ್ಯಣ್ಣ ಅದನ್ನು ಬಹಳ ಹೊತ್ತು ನೋಡಿದ. ನಿಂತ ನೀರಿನಲ್ಲಿ ಆ ಕಪ್ಪು ಕಾಲುಗಳು, ಮುರಿದ ಉಗುರಿನ ಹೆಬ್ಬೆರಳು ಅಮರಪ್ಪನಿಗೆ ಕಾಣುತ್ತಿದ್ದವು. ಇದೇ ಕಾಲುಗಳ ನಡುವೆ ಹರಗೋಲಿನ ತಳದಲ್ಲಿ ಕೂತು ಅವನು ಉರ್ದುವಿನ ಅಲಿಫ್, ಬೇ ಕಲಿತದ್ದು. ದಿನಾ ಹೊಳೆ ದಾಟುವ ಒಬ್ಬ ಮುಲ್ಲಾನನ್ನು ಅಯ್ಯಣ್ಣ ಹಿಡಿದಿದ್ದ. ನಮ್ಮ ಹುಡುಗನಿಗೆ ದಾಟುವಷ್ಟು ಹೊತ್ತು ಕಲಿಸಿರಿ, ನೀವು ಕಲಿಸುವವರೆಗೆ ನಾನು ಹುಟ್ಟು ನಿಧಾನ ಹಾಕುತ್ತೇನೆ ಎಂದಿದ್ದ. ಹಾಗೆ ಎಷ್ಟು ನಿಧಾನ ಹಾಕಿದನೋ, ಎಷ್ಟು ಮಂದಿ ದಾಟುವವರ ಬೈಗುಳ ತಿಂದನೋ. ಹೋದ ಮಳೆಗಾಲದಲ್ಲಿ ಹೊಳೆ ತುಂಬಿ ಗಟ್ಟ ಬಂದ್ ಆದಾಗ ಈ ಎರಡು ದೋಣಿಗಳನ್ನು ಕಡೆದುಕೊಟ್ಟವನೂ ಅವನೇ. ಅಮರಪ್ಪ ಮೂರು ಜೊತೆ ಕಡೆದು ಮೂರನ್ನೂ ಒಲೆಗೆ ಹಾಕಿದ್ದ. ಅಯ್ಯಣ್ಣ ನಕ್ಷೆಯ ಮೇಲೆ ಹೆಬ್ಬೆರಳು ಎಳೆಯುತ್ತ, ದೋಣಿಯ ಹೊಟ್ಟೆಯ ಕೆಳಗಿದ್ದ ಒಂದು ಕಚ್ಚಿನಲ್ಲಿ ನಿಂತು, "ಇದೇನೋ, ಹೊಟ್ಟಿಗೆ ಮೆಟ್ಟಲ ಯಾಕ?" ಎಂದು ಕೇಳಿದ. ನಕ್ಷೆಯಲ್ಲಿ ಇದೆ, ಮಾಡು, ಅಂದಿದ್ದ ಅಮರಪ್ಪ. ಅಣ್ಣ ಮಾಡಲಿಲ್ಲ, ಎರಡು ದಿನ ಸುಮ್ಮನೆ ಕೂತ. ಮೂರನೆಯ ದಿನ ತಾನೇ ಹೇಳಿದ: "ನೀರು ಜಿಗಳಿ ಇದ್ದಂಗ ನೋಡು, ದೋಣಿ ಹೊಟ್ಟಿಗೆ ಹತ್ಕೊಂಡ್ರ ಬಿಡಂಗಿಲ್ಲ. ಈ ಮೆಟ್ಟಲ ಬಂತಂದ್ರ ಅದರ ಬಾಯಿ ಬಿಡತಾದ. ಆಗ ಮ್ಯಾಲ ಏಳಾಕ ಬರತಾದ. ಶಾಣ್ಯಾ ಇದ್ದಾನ ಮಾಡಿದಾಂವ." ಆಮೇಲೆ ಉಳಿ ಹಿಡಿದ.

"ಬಲಗಾಲಾಗ ಏನು ಇಟ್ಟೀದಿ?" ಎಂದ ಅಯ್ಯಣ್ಣ ಈಗ.

"ಸೀಸ. ಎಡಕಿನ್ನಾ ಒಂದೂವರಿ ಪಟ್ಟು."

"ಯಾಕ?"

"ನಕಾಶ್ಯಾಗ ಹಂಗಾ ಅದ. ಸ್ಟೇಶನ್ ಮಾಸ್ತರ್ರ ಕಡೆ ಓದಿಸೀನಿ. ಬಲಗಾಲಾಗ ಎಣ್ಣಿ ಹೆಚ್ಚಿಗಿ ತುಂಬತಾರ ಅಂತ ಬರದದ."

"ನಕಾಶಿ ಎಂದರ ನೀರಿಗೆ ಇಳದದೇನೋ?" ಎಂದು ಅಯ್ಯಣ್ಣ ನಕ್ಕ. "ಅವರು ಯಾಕ ತುಂಬತಾರ ಅದನ್ನ ಕೇಳಿದೇನು? ಮೂಗಿನ ಮ್ಯಾಲ ಪಂಖಾ ಅದ. ಅದು ಜೋರಿಲೆ ತಿರಗಿದ್ರ ಹಡಗ ಎಡಕ್ಕ ಒತ್ತತಿರಬೇಕು. ನಾ ಒಂದಾ ಕಡಿ ಹುಟ್ಟು ಹಾಕಿದ್ರ ಹರಗೋಲು ತಿರಗಂಗಿಲ್ಲೇನು, ಹಂಗ. ಅದಕ್ಕ ಬಲಕ್ಕ ಭಾರ. ನಿನ್ನ ಪಂಖಾ ತಿರಗತಾದೇನು?"

ತಿರುಗುವುದಿಲ್ಲ. ಅದು ಟೀನಿನ ಪಂಖಾ, ಬರೇ ನೋಡಲಿಕ್ಕೆ. ಅಮರಪ್ಪನಿಗೆ ಅರ್ಥವಾಯಿತು. ಮತ್ತೆ ಸೊಳ್ಳೆ, ಮತ್ತೆ ಬಾವಿ. ಎರಡು ವರ್ಷ ಮುಂದಿಟ್ಟುಕೊಂಡು ಕೂತರೂ ಯಾಕೆ ಎಂದು ಒಂದು ಸಲ ಕೇಳಿಕೊಳ್ಳಲಿಲ್ಲ, ಇದೆ ಎಂದು ಇಳಿಸಿದ. ಹನ್ನೊಂದು ವರ್ಷದ ಕೆಲಸ ಅವನಿಗೆ ಕಲಿಸಿದ್ದೇ ಅದು. ಓದುಬಾರದ ಅಣ್ಣ ನಿಂತ ನಿಲುವಿನಲ್ಲೇ ಹೇಳಿಬಿಟ್ಟಿದ್ದಕ್ಕೆ ಹೆಮ್ಮೆಪಡಬೇಕಾದಲ್ಲಿ ಸಿಟ್ಟು ಬಂದು, ಆ ಸಿಟ್ಟಿಗೆ ಇನ್ನಷ್ಟು ಸುಸ್ತಾಯಿತು. "ಲಗೂನ ಮಾಡು," ಎಂದ. ಅಯ್ಯಣ್ಣ ಬಲಗಡೆಯ ದೋಣಿಯ ಮೇಲಿನ ಸಣ್ಣ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿ, ಸೀಸದ ಪಟ್ಟಿಯನ್ನು ತೆಗೆದು, ತನ್ನ ಸಂಚಿಯ ಗುಂಡುಗಳನ್ನು ಒಂದೊಂದಾಗಿ ಒಳಗೆ ಬಿಡತೊಡಗಿದ. ಒಂದು ಬಿಟ್ಟು ನೋಡುವುದು, ಇನ್ನೊಂದು ಬಿಟ್ಟು ನೋಡುವುದು. ಅಣ್ಣನ ಆ ತಾಳ್ಮೆ ಅಮರಪ್ಪನಿಗೆ ಸಹಿಸಲಾಗುತ್ತಿರಲಿಲ್ಲ. ಕೊನೆಗೆ ಜೇನುಮೇಣವನ್ನು ಬಾಯಲ್ಲಿ ಅಗಿದು ಮೆತ್ತಗೆ ಮಾಡಿ ಮುಚ್ಚಳದ ಸಂದಿಗೆ ಒತ್ತಿದ. ವಿಮಾನ ನೀರಿನ ಮೇಲೆ ನಿಂತಿತು. ನೆಟ್ಟಗೆ, ಅಲುಗದೆ, ತಾನು ಯಾವತ್ತೂ ಹೀಗೆಯೇ ಇದ್ದೆ ಎಂಬಂತೆ ನಿಂತಿತು. ಹೌಜಿನ ತಳದ ಪಾಚಿಯ ಮೇಲೆ ಅದರ ನೆರಳು ಬಿದ್ದಿತ್ತು. ಅಮರಪ್ಪ ಒಂದು ಕ್ಷಣ ಎಲ್ಲವನ್ನೂ ಮರೆತ.

ಆಗ ಬಾಗಿಲಲ್ಲಿ ಗದ್ದಲವಾಯಿತು. ಹನ್ನೆರಡರ ಗಾಡಿಗೆ ಬರಬೇಕಾದವರು ಮಾಲುಗಾಡಿಯ ಗಾರ್ಡನ ಡಬ್ಬಿಯಲ್ಲಿ ಕೂತು ಮುಂಚೆಯೇ ಬಂದುಬಿಟ್ಟಿದ್ದರು. ಶೇರ್ವಾನಿ, ತುರ್ಕಿ ಟೋಪಿ, ಕೈಯಲ್ಲಿ ಬೆತ್ತ. ಹಿಂದೆ ಫೈಲುಗಳನ್ನು ಎದೆಗವುಚಿಕೊಂಡ ನಸೀರುದ್ದೀನ ಸಾಹೇಬರು. ಮೊಹತಮೀಮ್ ಸಾಹೇಬರು ಗುಡಿಯ ಫೋಟೋಗಳನ್ನು ನೋಡಲಿಲ್ಲ, ಕೌದಿಗಳನ್ನು ನೋಡಲಿಲ್ಲ, ನೆಟ್ಟಗೆ ಹೌಜಿನ ಹತ್ತಿರ ಬಂದು ನಿಂತುಬಿಟ್ಟರು. ಉರ್ದುವಿನಲ್ಲಿ, ಯಾರಿಗೆ ಹೇಳುತ್ತಿದ್ದಾರೆಂದು ಗೊತ್ತಾಗದ ಹಾಗೆ, ನಾನು ವಿಲಾಯತಿನಲ್ಲಿ ಓದುತ್ತಿದ್ದಾಗ ಇದನ್ನು ದಂಡೆಯ ಮೇಲೆ ನಿಂತು ನೋಡಿದ್ದೇನೆ, ಚಳಿಯಿತ್ತು, ನನ್ನ ಜೊತೆಗಿದ್ದ ಗೆಳೆಯ ಈಗ ಇಲ್ಲ, ಎಂದರು. ಬೆತ್ತದ ತುದಿಯಿಂದ ವಿಮಾನದ ಬಾಲವನ್ನು ಮೆಲ್ಲನೆ ತಳ್ಳಿದರು. ಅದು ಹೌಜಿನ ಈ ಅಂಚಿನಿಂದ ಆ ಅಂಚಿಗೆ ಒಂದೇ ಗೆರೆಯಲ್ಲಿ ಸಾಗಿತು. ಆ ಅಂಚಿನಲ್ಲಿ ನಿಂತಿದ್ದ ಅಯ್ಯಣ್ಣ ಅದನ್ನು ಅಂಗೈಯಲ್ಲಿ ತಡೆದು, ಎತ್ತಿ ಅವರಿಗೆ ಕೊಟ್ಟ. ಅವರು ಅದನ್ನು ತಿರುಗಿಸಿ, ದೋಣಿಯ ಹೊಟ್ಟೆಯ ಮೇಲೆ ಬೆರಳಾಡಿಸಿ, ಮೆಟ್ಟಿಲಿನ ಹತ್ತಿರ ನಿಂತರು. ಇದನ್ನೂ ಬಿಟ್ಟಿಲ್ಲ! ಇದು ಯಾಕಿದೆ ಗೊತ್ತೇ ಎಂದು ಅಮರಪ್ಪನನ್ನು ಕೇಳಿ, ಅವನ ಉತ್ತರಕ್ಕೆ ಕಾಯದೆ ತಾವೇ ವಿವರಿಸಿದರು: ನೀರು ಹಿಡಿದುಕೊಳ್ಳುತ್ತದೆ, ಈ ಮೆಟ್ಟಿಲು ಅದನ್ನು ಬಿಡಿಸುತ್ತದೆ. ಜಿಗಣೆಯ ಹೋಲಿಕೆಯೊಂದನ್ನು ಬಿಟ್ಟರೆ ಅದು ಅಣ್ಣ ಹೇಳಿದ್ದೇ. ಅಯ್ಯಣ್ಣ ನೀರಲ್ಲಿ ನಿಂತು ಕೇಳುತ್ತಿದ್ದ, ಅವನ ಮುಖ ಅರಳಿತ್ತು. ಹೇಳು, ಇವನೇ ಕಡೆದದ್ದೆಂದು ಹೇಳು ಎಂದು ಅಮರಪ್ಪನ ಒಳಗೆ ಯಾರೋ ಅನ್ನುತ್ತಿದ್ದರು. ನಸೀರುದ್ದೀನ ಸಾಹೇಬರ ಎದೆಯ ಮೇಲಿನ ಫೈಲಿನಿಂದ ಅವನ ಫಾರಮಿನ ಒಂದು ಮೂಲೆ ಹೊರಗೆ ಕಾಣುತ್ತಿತ್ತು.

ಮೊಹತಮೀಮ್ ಸಾಹೇಬರು ತಲೆ ಎತ್ತಿ, ಮೊದಲ ಸಲ ಅಯ್ಯಣ್ಣನನ್ನು ನೋಡಿ, "ಯೇ ಕೌನ್ ಹೈ?" ಎಂದರು.

ಅಮರಪ್ಪ ಹೇಳಿದ: "ಅಪ್ನಾ ಆದ್ಮಿ ಹೈ, ಸರ್ಕಾರ್."

ನಮ್ಮ ಮನುಷ್ಯ. ಗಟ್ಟದಲ್ಲಿ, ಬಜಾರದಲ್ಲಿ, ಮದುವೆಯ ಹಂದರದಲ್ಲಿ ಅಪ್ನಾ ಆದ್ಮಿ ಎಂದರೆ ನಮ್ಮವನು, ಹೊರಗಿನವನಲ್ಲ, ರಕ್ತಸಂಬಂಧಿ ಅಂದಹಾಗೆ. ಕಚೇರಿಯ ಹೊಸಿಲು ದಾಟಿದರೆ ಅದೇ ಮಾತಿಗೆ ಕೈಯಾಳು, ನೀರು ತರುವವ, ಪೆಟ್ಟಿಗೆ ಹೊರುವವ ಎಂದರ್ಥ. ಮಾತು ಬಾಯಿಂದ ಹೊರಡುವಾಗ ಅಮರಪ್ಪನಿಗೆ ಎರಡೂ ಅರ್ಥಗಳು ಗೊತ್ತಿದ್ದವು. ಒಂದನ್ನು ಸಾಹೇಬರಿಗೆ ಕೊಟ್ಟು ಇನ್ನೊಂದನ್ನು ಅಣ್ಣನಿಗೆ ಉಳಿಸಿದೆ, ಸುಳ್ಳು ಹೇಳಲಿಲ್ಲ, ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಮೂವತ್ತು ವರ್ಷ ಅಮಲ್ದಾರರನ್ನೂ ಅವರ ಕುದುರೆಗಳನ್ನೂ ಅವರ ಆಳುಗಳನ್ನೂ ಹೊಳೆ ದಾಟಿಸಿದ ಅಣ್ಣನಿಗೆ ಕಚೇರಿಯ ಉರ್ದು ಗೊತ್ತಿಲ್ಲ ಎಂದು ನಂಬಲು ಬಹಳ ಶ್ರಮ ಬೇಕಿತ್ತು. ಅಯ್ಯಣ್ಣನ ಮುಖದಲ್ಲಿ ಏನೂ ಬದಲಾಗಲಿಲ್ಲ. ಅವನು ಬಲಗೈ ಎತ್ತಿ ಬಗ್ಗಿ ಸಾಹೇಬರಿಗೆ ಸಲಾಮು ಮಾಡಿದ. ಸಾಹೇಬರು ಆಗಲೇ ಬೇರೆ ಕಡೆ ನೋಡುತ್ತಿದ್ದರು. ಚೀಟಿಯನ್ನು ಎತ್ತಿ ಓದಿ, ಜೇಬಿನಿಂದ ಪೆನ್ನು ತೆಗೆದು, ಹಂಗಾಮಿ ಎಂಬ ಶಬ್ದದ ಮೇಲೆ ಒಂದು ಗೆರೆ ಎಳೆದು, ನಸೀರುದ್ದೀನ ಸಾಹೇಬರ ಕಡೆ ಹಿಡಿದರು. ಫಾರಮು ನೋಡಲಿಲ್ಲ. ಎಲ್ಲಿ ರುಜು ಎಂದು ಕೇಳಿ ಅಲ್ಲಿ ರುಜು ಹಾಕಿದರು. ಇದನ್ನು ಇವತ್ತು ನನ್ನ ಕೋಣೆಯಲ್ಲಿಡಬೇಕು, ನಿನ್ನ ಆದ್ಮಿಯ ತಲೆಯ ಮೇಲೆ ಹೊರಿಸಿ ಡಾಕ್ ಬಂಗಲೆಗೆ ಕಳಿಸು, ಜೋಕೆ ಎಂದು ಹೇಳಿ ಹಂದರದ ಕಡೆ ನಡೆದರು. ನಸೀರುದ್ದೀನ ಸಾಹೇಬರು ಹೋಗುತ್ತ ಅಮರಪ್ಪನ ಬೆನ್ನು ತಟ್ಟಿ, "ಮುಬಾರಕ್, ಅಮರಪ್ಪನವರೇ," ಎಂದರು. ಮಚ್ಛರ್ ಬಾವಡಿ ಎನ್ನಲಿಲ್ಲ. ಹನ್ನೊಂದು ವರ್ಷ ಕಾದದ್ದು ಇದಕ್ಕೆ. ಬಂದಾಗ ಅದು ಇಷ್ಟು ಸಣ್ಣದಾಗಿತ್ತು.

ಬಂಗಲೆಗೆ ಮೈಲಿ ದಾರಿ. ಬಜಾರದ ನಡುವಿನಿಂದ ಹೋಗಬೇಕು. ಅಯ್ಯಣ್ಣ ವಲ್ಲಿಯನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಪೆಟ್ಟಿಗೆಯನ್ನು ತಾನೇ ಎತ್ತಿಕೊಂಡ. "ನಾ ಹಿಡೀತೀನಿ ಕೊಡು," ಎಂದು ಅಮರಪ್ಪ ಕೈ ಚಾಚಿದ್ದು ಅವನಿಗೆ ಕಾಣಿಸಲಿಲ್ಲವೋ ಏನೋ. ಜವಾನರು ನೋಡುತ್ತಿದ್ದರು. ಇಬ್ಬರೂ ನಡೆದರು. ಸ್ವಲ್ಪ ದೂರ ಹೋದ ಮೇಲೆ ಅಮರಪ್ಪನಿಗೆ ಪಕ್ಕದಲ್ಲಿ ಹೆಜ್ಜೆಯ ಸದ್ದಿಲ್ಲವೆಂದು ಅರಿವಾಗಿ ತಿರುಗಿ ನೋಡಿದ. ಅಣ್ಣ ನಾಲ್ಕು ಹೆಜ್ಜೆ ಹಿಂದಿದ್ದ. ಭಾರಕ್ಕೆ ಹಿಂದೆ ಬಿದ್ದಿರಬೇಕೆಂದು ಅವನು ನಿಂತ. ಅಣ್ಣನೂ ನಿಂತ. ಅವನು ನಡೆದ, ಅಣ್ಣ ನಡೆದ. ಅರಿವೆ ಅಂಗಡಿಯ ಹತ್ತಿರ ಬೇಕೆಂದೇ ನಡಿಗೆ ನಿಧಾನ ಮಾಡಿದ. ಹಿಂದಿನ ಹೆಜ್ಜೆಗಳೂ ನಿಧಾನವಾದವು, ದೂರ ಮಾತ್ರ ಕಡಿಮೆಯಾಗಲಿಲ್ಲ. ಸಾಹೇಬರ ಹಿಂದೆ ಅವರ ಆಳುಗಳು ಹರಗೋಲಿನಿಂದ ಇಳಿದು ಹೋಗುವಾಗ ಬಿಡುವ ನಾಲ್ಕು ಹೆಜ್ಜೆ ಅದು. ಅಯ್ಯಣ್ಣ ಅದನ್ನು ಸಾವಿರ ಸಲ ನೋಡಿದ್ದಾನೆ.

"ಜೋಡೀಲೆ ಬಾ," ಎಂದ ಅಮರಪ್ಪ ಕೆಳದನಿಯಲ್ಲಿ.

"ಮಂದಿ ನೋಡಾಕತ್ಯಾರ," ಎಂದ ಅಯ್ಯಣ್ಣ, ಅವನಿಗಿಂತ ಕೆಳದನಿಯಲ್ಲಿ. ಆಮೇಲೆ ಅಂಗಡಿಯವರಿಗೆ ಕೇಳುವ ಹಾಗೆ, "ನೀವು ಮುಂದ ನಡೀರಿ, ಸಾಹೇಬ್ರ," ಎಂದ.

ಮೂವತ್ತನಾಲ್ಕು ವರ್ಷದಲ್ಲಿ ಅಣ್ಣ ಅವನಿಗೆ ಲೇ ಎಂದಿದ್ದ, ತಮ್ಮಾ ಎಂದಿದ್ದ, ಮಂಗ್ಯಾ ಎಂದಿದ್ದ, ಜ್ವರದಲ್ಲಿ ಮಲಗಿದಾಗ ಯಪ್ಪಾ ಎಂದಿದ್ದ. ರಿ ಹಚ್ಚಿ ಕರೆದಿರಲಿಲ್ಲ. ಅದರಲ್ಲಿ ವ್ಯಂಗ್ಯ ಇದ್ದಿದ್ದರೆ ಎಷ್ಟೋ ಬೇಕಾಗಿತ್ತು, ಜಗಳಾಡಬಹುದಿತ್ತು, ಬಜಾರದಲ್ಲಿ ನಿಂತು ಅತ್ತುಬಿಡಬಹುದಿತ್ತು. ಅಮರಪ್ಪ ಆ ದನಿಯನ್ನು ದಾರಿಯುದ್ದಕ್ಕೂ ತಿರುತಿರುಗಿಸಿ ಹುಡುಕಿದ. ಸಿಟ್ಟಿನ ಒಂದು ಎಳೆಯೂ ಸಿಗಲಿಲ್ಲ. ತಮ್ಮ ಒಂದು ಸುಳ್ಳಿನ ಮೇಲೆ ನಿಂತಿದ್ದಾನೆ, ಅದು ವಾಲದ ಹಾಗೆ ನೋಡಿಕೊಳ್ಳಬೇಕು, ಎಲ್ಲಿ ಎಷ್ಟು ಭಾರ ಇಡಬೇಕೋ ಅಷ್ಟು ಇಡಬೇಕು. ಅಣ್ಣ ಅಷ್ಟೇ ಮಾಡುತ್ತಿದ್ದ. ಬಂಗಲೆಯಲ್ಲಿ ಪೆಟ್ಟಿಗೆ ಇಳಿಸಿ, ವಿಮಾನವನ್ನು ಕಿಟಕಿಯ ಮೇಜಿನ ಮೇಲಿಟ್ಟು, ಅಯ್ಯಣ್ಣ ಅದರ ಒಂದು ತಂತಿಗೆ ಸಿಕ್ಕಿದ್ದ ಹತ್ತಿಯ ಎಳೆಯನ್ನು ತೆಗೆದ. ಅಡಿಗೆಯವನು ಒಳಗಿನಿಂದ ಇಣುಕಿ ಇವತ್ತು ಮೀನಿಲ್ಲವೇ ಎಂದು ಕೇಳಿದ. ಇಲ್ಲ ಎಂದು ಅಯ್ಯಣ್ಣ ಕೈಯಾಡಿಸಿದ.

ಹೊರಗೆ ಬಂದ ಮೇಲೆ ಅಮರಪ್ಪ, "ಮನಿಗೆ ಬಾ ಅಣ್ಣಾ, ಪುಂಡಿಪಲ್ಯ ಮಾಡ್ಯಾಳ," ಎಂದ. ಅಯ್ಯಣ್ಣ ಗಟ್ಟದಲ್ಲಿ ಮಂದಿ ಕಾಯುತ್ತಿರಬಹುದೆಂದು ಹೇಳಿ ಹೊಳೆಯ ದಾರಿ ಹಿಡಿದ. ಈಗ ಅವನು ಮುಂದೆ, ಅಮರಪ್ಪ ಹಿಂದೆ. ಗಟ್ಟದಲ್ಲಿ ಯಾರೂ ಕಾಯುತ್ತಿರಲಿಲ್ಲ. ಮಧ್ಯಾಹ್ನದ ಬಿಸಿಲಿಗೆ ಭೀಮೆ ತೆಳ್ಳಗೆ ಹರಿಯುತ್ತಿತ್ತು, ಉಸುಕಿನ ಮೇಲೆ ಬೋರಲು ಹಾಕಿದ ಹರಗೋಲು, ಆಚೆ ದಂಡೆಯಲ್ಲಿ ಒಂದು ಎಮ್ಮೆ. ಅಯ್ಯಣ್ಣ ಹರಗೋಲನ್ನು ಮಗುಚಿ ನೀರಿಗೆ ಎಳೆದ. ಸಂಚಿಯಿಂದ ಸೀಸದ ಪಟ್ಟಿಯನ್ನು, ಅಮರಪ್ಪ ನಕ್ಷೆ ನೋಡಿ ಬಲಗಾಲಿಗೆ ಇಟ್ಟಿದ್ದ ಹೆಚ್ಚಿನ ಭಾರವನ್ನು, ತೆಗೆದು ತಮ್ಮನ ಕೈಯಲ್ಲಿಟ್ಟ. ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಒಳಗೆ ಹತ್ತಿದ. ಸೀಸ ಬಿಸಿಯಾಗಿತ್ತು. ಅಮರಪ್ಪ ಚಪ್ಪಲಿಯ ಸಮೇತ ನೀರಿಗಿಳಿದು ಹರಗೋಲಿನ ಅಂಚು ಹಿಡಿದ. ಕಾಯಂ ಆದದ್ದು, ಫಾರಮು, ಹೊಲ, ಬೇವಿನ ಮರ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು.

"ಅಣ್ಣಾ," ಎಂದ. "ಈಗ ಇಲ್ಲಿ ಯಾರೂ ಇಲ್ಲ."

ಅಯ್ಯಣ್ಣ ಈ ದಂಡೆಯನ್ನು ನೋಡಿದ, ಆ ದಂಡೆಯನ್ನು ನೋಡಿದ. ಹುಟ್ಟನ್ನು ಉಸುಕಿಗೆ ಒತ್ತಿ ಹರಗೋಲನ್ನು ಮೆಲ್ಲನೆ ನೂಕಿಕೊಂಡ.

"ಹೌದ್ರಿ," ಎಂದ. "ಯಾರೂ ಇಲ್ರಿ."